ಉಡಿಯಕ್ಕಿ ಬಿಚ್ಚುವ ಮನೆ

ಶರಣ ಬಂಧುಗಳೇ, ತಾಯಂದಿರೇ, ಹೊಟ್ಟೆಕಿಚ್ಚು ಯಾರ ಮೇಲೆ ಬರುತ್ತದೆ? ನಮಗಿಂತ ಹೆಚ್ಚು ಇದ್ದವರ ಮೇಲೆ ಅಂತೀರಿ. ಏನೂ ಇಲ್ಲದವರ ಮೇಲೂ ಬರುತ್ತದೆ. ಅದು ಹೇಗೆ ಅಂತ ಒಂದು ದೃಷ್ಟಾಂತ ಹೇಳುತ್ತೇನೆ, ಹಿಂದೆ ಕೂತವರು ಮಾತು ಸ್ವಲ್ಪ ನಿಲ್ಲಿಸಿ ಕೇಳಿ.

ಯಾವುದೋ ಒಂದು ಊರು ಅಂತ ಇಟ್ಟುಕೊಳ್ಳಿ. ಆ ಊರಿಗೆಲ್ಲ ದೊಡ್ಡವನು ಒಬ್ಬ ಸಾಹುಕಾರ. ಹಗೇವಿನ ತುಂಬ ಜೋಳ, ಕೊಟ್ಟಿಗೆ ತುಂಬ ದನ, ಊರ ತುಂಬ ಹೆಸರು. ಕೆಟ್ಟವನಲ್ಲ, ನೋಡಿ. ಬೇಡಿ ಬಂದವರನ್ನು ಬರಿಗೈಯಲ್ಲಿ ಕಳಿಸಿದವನಲ್ಲ. ಕೊಡುವಾಗ ನಾಲ್ಕು ಜನ ನೋಡುತ್ತಿರಬೇಕು, ಅಷ್ಟೇ. ನಮ್ಮಲ್ಲಿ ಅಂಥವರು ಯಾರೂ ಇಲ್ಲ ಬಿಡಿ.

ಒಂದು ವರ್ಷ ಬೆಟ್ಟದಾಚೆಯ ಸೀಮೆಯಲ್ಲಿ ಯುದ್ಧ ಹತ್ತಿತು. ಊರೂರುಗಳೇ ಸುಟ್ಟುಹೋದವು. ಸತ್ತವರು ಸತ್ತರು, ಉಳಿದವರು ಉಟ್ಟ ಬಟ್ಟೆಯಲ್ಲಿ ಬೆಟ್ಟ ದಾಟಿ ಈ ಊರಿನ ಅಗಸಿ ಬಾಗಿಲಿಗೆ ಬಂದು ನಿಂತರು. ಒಳಗೆ ಕರೆಯಬೇಕೋ ಬೇಡವೋ ಅಂತ ಊರವರು ಗುಸುಗುಸು ನಡೆಸಿರುವಾಗ ಸಾಹುಕಾರನೇ ಮುಂದೆ ಬಂದ. ತನ್ನ ಹಳೆಯ ಕೊಟ್ಟಿಗೆಯನ್ನು ಸಾರಿಸಿ ಕೊಟ್ಟ, ಜೋಳ ಅಳೆಸಿದ, ಗಂಡಸರಿಗೆ ಹೊಲದಲ್ಲಿ ಕೆಲಸ ಕೊಟ್ಟ. ಊರು ಅವನನ್ನು ಬಾಯ್ತುಂಬ ಹೊಗಳಿತು. ಸಾಹುಕಾರ ಮೀಸೆ ತೀಡಿಕೊಂಡ.

ಬಂದವರಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಗಂಡ ಹೊಲಕ್ಕೆ ಹೋದ ಮೇಲೆ ಅವಳು ಸಾಹುಕಾರನ ಮನೆಯ ಹಿತ್ತಲಿಗೆ ಬಂದು ಅವನ ಮುದಿ ತಾಯಿಯ ಹತ್ತಿರ ಕೂಡುತ್ತಿದ್ದಳು. ಮುದುಕಿಯ ತಲೆ ಬಾಚುತ್ತಿದ್ದಳು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದಳು. ಮುದುಕಿ ಯಾವ ಕಾಲದ್ದೋ ಮಾತು ತೆಗೆದು ಹೇಳುತ್ತಿದ್ದಳು. ಇಬ್ಬರೂ ಕೂಡಿ ನಗುತ್ತಿದ್ದರು.

ಆ ನಗು ಸಾಹುಕಾರನ ಕಿವಿಗೆ ಬಿತ್ತು. ಪಡಸಾಲೆಯಲ್ಲಿ ಲೋಡಿಗೆ ಒರಗಿದ್ದವನು ಎದ್ದು ಕಿಟಕಿಗೆ ಬಂದ. ತಾಯಿ ಬೊಚ್ಚುಬಾಯಿ ಬಿಟ್ಟು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಾಳೆ. ಅವನು ಬೆಳ್ಳಿ ತಟ್ಟೆ ತಂದುಕೊಟ್ಟಿದ್ದ, ಆಗ ನಕ್ಕಿರಲಿಲ್ಲ. ತೂಗುಮಂಚ ಮಾಡಿಸಿದ್ದ, ನಕ್ಕಿರಲಿಲ್ಲ. ಕಾಲೊತ್ತಲು ಆಳು ಇಟ್ಟಿದ್ದ, ನಕ್ಕಿರಲಿಲ್ಲ. ನಿನ್ನೆ ಮೊನ್ನೆ ಬಂದವಳು, ಸೀರೆಗೊಂದು ನೆಟ್ಟಗಿನ ಸೆರಗಿಲ್ಲದವಳು, ಅವಳ ಮುಂದೆ ನಗುತ್ತಾಳೆ. ಅವಳನ್ನು ಮಗಳೇ ಅಂತ ಕರೆಯುತ್ತಾಳೆ. ಸಾಹುಕಾರನ ಹೊಟ್ಟೆಗೆ ಬೆಂಕಿ ಬಿತ್ತು. ನೋಡಿ, ಗಾದಿಯ ಮೇಲೆ ಮಲಗುವವನಿಗೆ ಕೊಟ್ಟಿಗೆಯಲ್ಲಿ ಮಲಗುವವಳ ಮೇಲೆ ಹೊಟ್ಟೆಕಿಚ್ಚು. ನಗಬೇಡಿ, ನಮ್ಮದೂ ಇದೇ ಹಣೆಬರಹ.

ಅಂದಿನಿಂದ ಅವನಿಗೆ ಅವರು ಮಾಡಿದ್ದೆಲ್ಲ ತಪ್ಪು. ಅವಳ ಗಂಡ ಮೈಮುರಿದು ದುಡಿದರೆ ನಮ್ಮವರ ಕೂಲಿ ಕಸಿದ. ಜ್ವರ ಬಂದು ಮಲಗಿದರೆ ಪುಕ್ಕಟೆ ತಿಂದ. ಅವರ ಮಕ್ಕಳು ಅತ್ತರೆ ಗಲಾಟೆ, ನಕ್ಕರೆ ಸೊಕ್ಕು. ಕೊಟ್ಟಿಗೆಯಿಂದ ರೊಟ್ಟಿ ಬೇಯುವ ವಾಸನೆ ಬಂದರೆ, ತಾನೇ ಕೊಟ್ಟ ಜೋಳದ ರೊಟ್ಟಿ ಅದು, ತನ್ನ ಮನೆಯದಕ್ಕಿಂತ ಅದೇ ಘಮ ಅನ್ನಿಸಿ ಊಟ ಸೇರುತ್ತಿರಲಿಲ್ಲ.

ಆದರೆ ಅವನು ಹಾಗಂತ ಬಾಯಿಬಿಟ್ಟು ಹೇಳಿದನೇ? ಎಲ್ಲಾದರೂ ಉಂಟೇ? ಚಾವಡಿಯಲ್ಲಿ ಊರವರನ್ನು ಕೂಡಿಸಿ ಹೇಳಿದ: "ಇವರು ಬಂದ ಮ್ಯಾಲೆ ಬಾವಿ ನೀರು ಸಾಲವಲ್ದು. ನಮ್ಮ ಮಂದಿಗೇ ಕೆಲಸ ಇಲ್ಲ. ನಾವು ಊರಿನ ಹಿತ ನೋಡಬೇಕಲ್ಲ?"

ಊರವರು ತಲೆಯಾಡಿಸಿದರು. ಯಾಕೆ ಆಡಿಸಿದರು? ಅವರ ಹೊಟ್ಟೆಯಲ್ಲೂ ಒಂದೊಂದು ಕೆಂಡ ಇತ್ತು. ಇಷ್ಟು ವರ್ಷ ಇದ್ದೀವಿ, ನಮಗೆ ಎಂದಾದರೂ ಕೊಟ್ಟಿಗೆ ಸಾರಿಸಿ ಕೊಟ್ಟನೇ, ಜೋಳ ಅಳೆಸಿದನೇ ಅಂತ. ಹೊಟ್ಟೆಕಿಚ್ಚಿಗೆ ತನ್ನ ಹೆಸರು ಹೇಳಿಕೊಳ್ಳುವ ಧೈರ್ಯ ಎಂದೂ ಇಲ್ಲ. ಊರಿನ ಹಿತ, ನಾಡಿನ ಹಿತ, ದೇಶದ ಹಿತ ಅಂತ ಬೇರೆ ಹೆಸರು ಹೇಳಿಕೊಂಡು ಚಾವಡಿ ಹತ್ತುತ್ತದೆ.

ಕಳಿಸುವುದು ಅಂತ ತೀರ್ಮಾನವಾಯಿತು. ಎಲ್ಲಿಗೆ? ಬೆಟ್ಟದಾಚೆ ಇನ್ನೂ ಹೊಗೆ ಏಳುತ್ತಿತ್ತು. ಮುಂದಿನ ಊರಿನ ಗಡಿಯಲ್ಲಿ ಬಿಟ್ಟು ಬರುವುದು. ಆ ಊರಿನವರು ಅದರ ಮುಂದಿನ ಊರಿಗೆ ದಾಟಿಸಿಕೊಳ್ಳಲಿ. ಇಷ್ಟಾದರೂ ಸಾಹುಕಾರನಿಗೆ ತನ್ನ ಹೆಸರಿನ ಚಿಂತೆ. ಕೊಟ್ಟಿಗೆ ಕೊಟ್ಟವನೇ ದಬ್ಬಿದ ಅಂತ ಜನ ಆಡಿಕೊಳ್ಳಬಾರದು. ಅದಕ್ಕೆ ಒಂದು ಉಪಾಯ ಮಾಡಿದ. ಮನೆಮಗಳನ್ನು ತವರಿನಿಂದ ಕಳಿಸುವಾಗ ಉಡಿ ತುಂಬುತ್ತೇವಲ್ಲ, ಹಾಗೆ ಈ ಹೆಣ್ಣುಮಗಳಿಗೂ ಉಡಿ ತುಂಬಿಸಿ, ಹೊಸ ಸೀರೆ ಉಡಿಸಿ, ಚಕ್ಕಡಿ ಹೂಡಿಸಿ ಮರ್ಯಾದೆಯಿಂದ ಕಳಿಸಿಬಿಡೋಣ ಅಂದ. ಎಂಥ ಮರ್ಯಾದೆ ನೋಡಿ. ಹೊರಗೆ ಹಾಕುವುದಕ್ಕೂ ಒಂದು ಶಾಸ್ತ್ರ.

ಮರುದಿನ ಮುಂಜಾನೆ ಚಕ್ಕಡಿಗಳು ಬಾಗಿಲಿಗೆ ಬಂದವು. ಊರವರು ಸೇರಿದರು. ಮುದಿ ತಾಯಿ ಕಂಬಕ್ಕೆ ಒರಗಿ ಕೂತಿದ್ದಳು. ಸಾಹುಕಾರನ ಹೆಂಡತಿ ಆ ಹೆಣ್ಣುಮಗಳನ್ನು ಮಣೆಯ ಮೇಲೆ ಕೂಡಿಸಿ, ಕುಂಕುಮ ಹಚ್ಚಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಕುಬಸದ ಖಣ ಹಾಕಿದಳು. ಹಾಕಿ, ಎಲ್ಲ ಮುತ್ತೈದೆಯರಿಗೂ ಹೇಳುವ ಮಾತನ್ನೇ ಹೇಳಿದಳು: "ತಂಗಿ, ಗಟ್ಟಿಯಾಗಿ ಹಿಡ್ಕೋ. ದಾರ್‍ಯಾಗ ಬಿಚ್ಚಬ್ಯಾಡ, ಚೆಲ್ಲಬ್ಯಾಡ. ಮನಿ ಮುಟ್ಟಿದ ಮ್ಯಾಲೆ ದೇವರ ಮುಂದ ಬಿಚ್ಚಬೇಕು."

ಹೆಣ್ಣುಮಗಳು ಉಡಿ ಹಿಡಿದುಕೊಂಡು ಎದ್ದಳು. ಎರಡು ಹೆಜ್ಜೆ ಇಟ್ಟು ನಿಂತಳು.

"ಅಕ್ಕಾ," ಅಂದಳು, "ಯಾವ ಮನಿ ಮುಟ್ಟಲಿ?"

ಅವಳು ಜಗಳಕ್ಕೆ ಕೇಳಿದ್ದಲ್ಲ, ನಿಜವಾಗಿ ಗೊತ್ತಿಲ್ಲದೆ ಕೇಳಿದ್ದಳು. ಸಾಹುಕಾರನ ಹೆಂಡತಿ ಗಂಡನ ಮುಖ ನೋಡಿದಳು. ಗಂಡ ಎತ್ತುಗಳ ಕಡೆ ನೋಡಿದ.

ಆಗ ಮುದುಕಿ ಬಾಯಿ ತೆರೆದಳು. "ಹೇಳಪಾ ಮಗನ. ಆಕಿ ಕೇಳಾಕತ್ತಾಳ, ಹೇಳು."

ಸಾಹುಕಾರ ಅಲ್ಲಿಯವರೆಗೆ ತಡೆದುಕೊಂಡಿದ್ದ. ಇನ್ನು ಆಗಲಿಲ್ಲ. ಅಷ್ಟು ಜನರ ಮುಂದೆ ಒಡೆದುಹೋದ.

"ಅವ್ವಾ, ನಿನಗ ನಾ ಏನು ಕಡಿಮಿ ಮಾಡೀನಿ? ನನ್ನ ಮುಂದ ಒಂದಿನಾರ ಹಂಗ ನಕ್ಕೀ ಏನು? ಈಕಿಗೆ ಎಲ್ಲಾ ಸಿಕ್ಕತಿ. ನನ್ನ ಮನಿ ಸಿಕ್ತು, ನನ್ನ ಕಾಳು ಸಿಕ್ತು, ಕಡೀಕ ನನ್ನ ಅವ್ವನೂ ಸಿಕ್ಕಳು."

ಮುದುಕಿ ಸಿಟ್ಟಾಗಲಿಲ್ಲ. ಮೆಲ್ಲಗೆ ಹೇಳಿದಳು: "ಆಕಿ ಯಾಕ ದಿನಾ ನನ್ನ ಮಗ್ಗಲಕ ಬಂದು ಕೂಡ್ತಾಳ ಗೊತ್ತೇನು? ಆಕಿ ಅವ್ವ ಆ ಬೆಂಕ್ಯಾಗ ಉಳದಳು. ನಿನ್ನ ಅವ್ವ ಇಲ್ಲೇ ಅದಾಳ, ನೀನು ಬಂದು ಕೂಡಲಿಲ್ಲ. ಆಕಿಗೆ ಸಿಕ್ಕಿದ್ದು ನೋಡಿ ಹೊಟ್ಟಿ ಉರಕೋತಿ. ಆಕಿ ಕಳಕೊಂಡಿದ್ದೂ ಬೇಕೇನು ನಿನಗ?"

ಸಾಹುಕಾರ ಎತ್ತುಗಳ ಹತ್ತಿರ ಹೋದ. ಚಕ್ಕಡಿಯವರಿಗೆ, "ಎತ್ತು ಬಿಚ್ರಿ" ಅಂದ. ಹೆಣ್ಣುಮಗಳು ಒಳಗೆ ಹೋಗಿ ಅವನ ಮನೆಯ ದೇವರ ಮುಂದೆಯೇ ಉಡಿ ಬಿಚ್ಚಿದಳು.

ಅವನ ಹೊಟ್ಟೆಕಿಚ್ಚು ಅಂದೇ ಆರಿತೇ? ಆರಿತು ಅಂದರೆ ಈ ಪೀಠದ ಮೇಲೆ ಕೂತು ನಾನು ಸುಳ್ಳು ಹೇಳಿದಂತಾಗುತ್ತದೆ. ಆರಲಿಲ್ಲ. ಮರುದಿನ ಹಿತ್ತಲಿನಲ್ಲಿ ನಗು ಕೇಳಿದಾಗ ಮತ್ತೆ ಉರಿಯಿತು. ಆದರೆ ಎತ್ತು ಬಿಚ್ಚಿಸಿದ್ದ. ಇದನ್ನು ಚೆನ್ನಾಗಿ ತಿಳಿಯಿರಿ: ಎತ್ತು ಬಿಚ್ಚಿಸಲು ಹೊಟ್ಟೆ ತಣ್ಣಗಾಗುವವರೆಗೆ ಕಾಯಬೇಕಾಗಿಲ್ಲ.

ದೇಶ ದೇಶಗಳು ಇವತ್ತು ಇದನ್ನೇ ಮಾಡುತ್ತಿಲ್ಲವೇ? ಓಡಿ ಬಂದವರ ಕೈಗೆ ಒಂದು ಪೊಟ್ಟಣ ಊಟ, ಒಂದು ಕಂಬಳಿ ಕೊಟ್ಟು ಪಕ್ಕದ ಗಡಿಗೆ ದಾರಿ ತೋರಿಸುವುದು. ಅದಕ್ಕೆ ಮಾನವೀಯತೆ ಅಂತ ಹೆಸರು. ದೇಶ ಮಾಡಬೇಕಾದದ್ದು ಬೇರೆ. ಮೊದಲು ಬಾಗಿಲು ತೆಗೆಯಬೇಕು. ದುಡಿಯಲು ಬಿಡಬೇಕು, ಅವರ ಮಕ್ಕಳನ್ನು ಶಾಲೆಯಲ್ಲಿ ಕೂಡಿಸಬೇಕು. ಒಂದೇ ಊರಿಗೆ ಭಾರವಾದರೆ ಹತ್ತು ಊರುಗಳು ಹಂಚಿಕೊಳ್ಳಬೇಕೇ ಹೊರತು ದಾಟಿಸಬಾರದು. ಬಾವಿಯಲ್ಲಿ ನೀರು ಕಡಿಮೆಯಾದರೆ ಇನ್ನೊಂದು ಬಾವಿ ತೋಡಬೇಕು. ಆ ನೀರು ಇದ್ದವರಿಗೂ ಬೇಕು, ಬಂದವರಿಗೂ ಬೇಕು. ಅಲ್ಲಿಯ ಬೆಂಕಿ ಆರಿ, ಅವರೇ ಹೋಗುತ್ತೇವೆ ಅಂದ ದಿನ ಕಳಿಸಿಕೊಡಬೇಕು.

ಅದು ಸರ್ಕಾರದ ಕೆಲಸ, ನಾವೇನು ಮಾಡೋಣ ಅಂತೀರಿ. ಸರ್ಕಾರ ಎಲ್ಲಿಂದ ಬರುತ್ತದೆ? ನಿಮ್ಮ ಚಹಾದಂಗಡಿಯ ಮಾತಿನಿಂದ ಬರುತ್ತದೆ. "ಅವರಿಗೆ ಎಲ್ಲ ಪುಕ್ಕಟೆ, ನಮಗೇನೂ ಇಲ್ಲ" ಅಂತ ನಾಳೆ ಯಾರಾದರೂ ಅಂದರೆ ತಲೆಯಾಡಿಸಬೇಡಿ. ಓಟು ಕೇಳಲು ಬಂದವನು ಅದೇ ಮಾತಾಡಿದರೆ ಎದುರಿಗೇ ಬೇಡ ಅನ್ನಿ. ನಮ್ಮೂರ ಹೊರಗೂ ಎಲ್ಲಿಂದಲೋ ಬಂದು ಗುಡಾರ ಹಾಕಿಕೊಂಡವರಿದ್ದಾರೆ. ಅವರಿಗೆ ಹಳೆಯ ಬಟ್ಟೆ ಕೊಟ್ಟು ಬರುವುದು ಸುಲಭ, ಅದನ್ನು ಎಲ್ಲರೂ ಮಾಡುತ್ತಾರೆ. ನೀವು ಹೋಗಿ ಅವರ ಮಗ್ಗುಲಲ್ಲಿ ಕೂತುಕೊಳ್ಳಿ. ನಿಮ್ಮೂರು ಯಾವುದು, ಅಲ್ಲಿ ನಿಮ್ಮವರು ಯಾರು ಉಳಿದರು ಅಂತ ಕೇಳಿ. ಕೇಳಿದ್ದನ್ನು ಮನೆಗೆ ಬಂದು ನಿಮ್ಮ ಮಕ್ಕಳಿಗೆ ಹೇಳಿ. ಅಷ್ಟಾದ ಮೇಲೂ ಅವರನ್ನು ಕಂಡು ಹೊಟ್ಟೆ ಉರಿದರೆ, ಉರಿಯಲಿ. ಬಾಗಿಲು ಮಾತ್ರ ಹಾಕಬೇಡಿ.