ನೋಡೋಣ ಎಂದ ವಕೀಲ

ಅಮೆರಿಕದಲ್ಲಿ, ನದಿ ದಂಡೆಯ ಒಂದೂರಿನಲ್ಲಿ, ಒಬ್ಬ ವಕೀಲನಿದ್ದ. ಮನುಷ್ಯರನ್ನೇ ಕೊಂಡು ಮಾರುತ್ತಿದ್ದ ಕಾಲ ಅದು. ವಕೀಲ ಒಳ್ಳೆಯವನು. ನೋಡಿ, ಬೇಕೆಂದೇ ಹೇಳುತ್ತಿದ್ದೇನೆ. ಕೆಟ್ಟವನ ಕಥೆಯಾದರೆ ನೀವು, ಇದು ನನಗಲ್ಲ ಎಂದು ಪಕ್ಕದವರ ಮುಖ ನೋಡಿ ಸುಮ್ಮನಾಗುತ್ತೀರಿ.

ಅವನ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಒಂದು ದಿನ ಅಳುತ್ತಾ ಬಂದಳು. ಅವಳು ಗುಲಾಮಗಿರಿಯಿಂದ ಬಿಡುಗಡೆಯಾದವಳು, ಕಾಗದವೂ ಇತ್ತು. ಮಗಳು ಹುಟ್ಟಿದ್ದು ಆಮೇಲೆ. ಆದರೂ ಹಳೆಯ ಧಣಿ, ಮಗಳು ನನ್ನ ಸೊತ್ತು ಎಂದು ದಾವೆ ಹೂಡಿದ್ದ. ವಕೀಲ ಕಾಗದದ ತಾರೀಕು ನೋಡಿದ. ಗೆಲ್ಲುವ ಕೇಸು. ನಾನಿದ್ದೇನೆ, ಹೋಗು ಎಂದ.

ಆ ಊರಿಗೆ ನ್ಯಾಯಾಧೀಶರು ಬರುತ್ತಿದ್ದದ್ದು ವರ್ಷಕ್ಕೆ ಎರಡೇ ಸಲ. ಒಂದು ವಾಯಿದೆ ಎಂದರೆ ಕೇಸು ಆರು ತಿಂಗಳು ಮುಂದಕ್ಕೆ. ಅಷ್ಟರಲ್ಲಿ ಚುನಾವಣೆ ಬಂತು, ವಕೀಲ ನಿಂತ. ಧಣಿಯ ನೆಂಟರ ಓಟು ಬೇಡವೇ? ವಾಯಿದೆ ಕೇಳಿದ. ಗೆದ್ದು ಬಂದು ಇನ್ನೂ ಬಲವಾಗಿ ವಾದಿಸುತ್ತೇನೆ ಎಂದುಕೊಂಡ. ಅವಳು ಕೇಳಿದಾಗ, ನೋಡೋಣ ಎಂದ.

ಗೆದ್ದ. ಶಾಸನಸಭೆಯಲ್ಲಿ ಸ್ವಾತಂತ್ರ್ಯದ ಬಗ್ಗೆ ಎರಡು ತಾಸು ಮಾತಾಡಿದ. ಅಲ್ಲಿಂದಲೇ ಕಾಗದ ಬರೆದು ಇನ್ನೊಂದು ವಾಯಿದೆ ಪಡೆದ. ಅವಳಿಗೆ ಮತ್ತೆ, ನೋಡೋಣ.

ಮೂರನೆಯ ಸಲ ನ್ಯಾಯಾಧೀಶರು ಬರುವ ಮೊದಲೇ ಧಣಿಯ ಆಳುಗಳು ಹುಡುಗಿಯನ್ನು ಹೊತ್ತೊಯ್ದು, ದೋಣಿ ಹತ್ತಿಸಿ, ದೂರದ ಸಂತೆಯಲ್ಲಿ ಮಾರಿಬಿಟ್ಟರು. ಸುದ್ದಿ ಕೇಳಿ ವಕೀಲ ಓಡಿ ಬಂದ. ಅವಳು ಅವನದೇ ಅಂಗಿ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ.

"ನೀವು ಕೆಟ್ಟವರಲ್ಲ ಸ್ವಾಮಿ. ಕೆಟ್ಟವರಾಗಿದ್ರೆ ನಾನು ಆವತ್ತೇ ಬೇರೆ ವಕೀಲರ ಹತ್ರ ಹೋಗ್ತಿದ್ದೆ."

ಕೇಳಿದಿರಾ? ಅವನು 'ಆಗಲ್ಲ' ಎಂದಿದ್ದರೆ ಮಗು ಉಳಿಯುತ್ತಿತ್ತೋ ಏನೋ.

ಪ್ರಿಯರೇ, ಈ ಮಾತು ನನ್ನನ್ನು ಕೂರಲು ಬಿಡುತ್ತಿಲ್ಲ. 'ನೋಡೋಣ' ಎನ್ನುವುದು ನಮ್ಮ ಬಾಯಲ್ಲಿ ಎಷ್ಟು ಸಲೀಸು! ಕೆಲಸ ಕೇಳಿ ಬಂದವನಿಗೆ ನೋಡೋಣ. ಶಿಫಾರಸು ಕೇಳಿದ ವಿಧವೆಗೆ ನೋಡೋಣ. ಜಗಳ ಬಿಟ್ಟು ಮಾತಾಡು ಎಂದ ತಮ್ಮನಿಗೂ ನೋಡೋಣ. ಇಲ್ಲ ಎನ್ನಲು ನಮಗೆ ದಾಕ್ಷಿಣ್ಯ. ಆ ದಾಕ್ಷಿಣ್ಯ ಯಾರಿಗೆ ಒಳ್ಳೆಯದು, ಅವರಿಗೋ ನಮ್ಮ ಹೆಸರಿಗೋ? ನಾವು ಕೈಕೊಟ್ಟೆವೆಂದು ಅವರಿಗೆ ತಿಳಿಯುವುದೇ ಇಲ್ಲ, ಕಾಯುತ್ತಲೇ ಇರುತ್ತಾರೆ. ಆಗುವುದಿದ್ದರೆ ಇವತ್ತೇ ಮಾಡಿ. ಆಗದಿದ್ದರೆ ಆಗಲ್ಲ ಎಂದು ಇವತ್ತೇ ಹೇಳಿ. ಅವರು ಬೇರೆ ಬಾಗಿಲು ತಟ್ಟಲಿ.

ಮಗಳ ಹಾಸ್ಟೆಲಿಗೆ ಒಂದು ಪತ್ರ ಬರೆದುಕೊಡಿ ಎಂದು ಕೇಳಿದ ತಾಯಿಯನ್ನು ನಾನು ಮೂರು ಭಾನುವಾರ ಹೀಗೇ ಕಳಿಸಿದ್ದೇನೆ. ಅವರು ಇದೇ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತಿದ್ದಾರೆ. ನೀವು ಕೀರ್ತನೆ ಶುರುಮಾಡಿ. ನಾನು ಪೆನ್ನು ತೆಗೆದುಕೊಂಡು ಅವರ ಹತ್ತಿರ ಹೋಗುತ್ತೇನೆ.