ಲೆಕ್ಕದೊಳಗಿನ ಗಾಳೆಪ್ಪ

ಹೊಸಪೇಟೆ ಸ್ಟೇಷನ್ನಿನಲ್ಲಿ ನನ್ನ ಪಕ್ಕ ಶಾಲೆಯ ಮಾಸ್ತರರು ಕುಳಿತಿದ್ದರು. ಬುಟ್ಟಿ ಹಿಡಿದು ನಿಂತಿದ್ದ ಎರ್ರೆಮ್ಮನಿಗೆ ಮಗಳ ದೂರು ಹೇಳುತ್ತಿದ್ದರು.

“ಶಾಲಿ ನೋಡಾಕ ಬಂದ ಇನ್‌ಸ್ಪೆಕ್ಟರ್ ಸಾಹೇಬ್ರ ಮುಂದ ನಿಮ್ಮ ಹುಡುಗಿ ಪಾಟಿ ಖಾಲಿ ಹಿಡಿದ್ಳು.”

“ಆ ಬಾಳೆಹಣ್ಣಿನ ಲೆಕ್ಕಾನ್ರಿ?”

“ಹೌದು. ಗಾಳೆಪ್ಪ ಹನ್ನೆರಡು ಹಣ್ಣಿನಾಗ ನಾಕು ನೆರೆಮನಿ ವಿರುಪಮ್ಮಗ ಕೊಟ್ಟ. ಉಳಿದಿದ್ದೆಷ್ಟು? ಇಷ್ಟ ಪ್ರಶ್ನೆ.”

“ಅದು ನಮ್ಮನಿಯವರ ಹೆಸರ್ರಿ. ಅಪ್ಪನ ಸುದ್ದಿ ಸಾಹೇಬ್ರಿಗೆ ಹೆಂಗ ಬರದು ತೋರಿಸ್ಯಾಳು?”

“ಅವ ಲೆಕ್ಕದಾಗಿನ ಗಾಳೆಪ್ಪ. ಅಂಥವ ಎಲ್ಲೂ ಇಲ್ಲ.”

“ನಮ್ಮ ನೆರೆಮನಿ ವಿರುಪಮ್ಮ ಅದಾಳಲ್ರಿ.”

ಅಷ್ಟರಲ್ಲಿ ಬಳ್ಳಾರಿಯ ರೈಲು ಬಂತು. ಹತ್ತುತ್ತ ಎರ್ರೆಮ್ಮ ದನಿ ತಗ್ಗಿಸಿದಳು.

“ನಾನೂ ಮನ್ಯಾಗ ಅವರ್ನ ಕೇಳಿ ನೋಡೀನ್ರಿ. ನಾಕಲ್ಲಂತ, ಎರಡ ಕೊಟ್ಟಾರಂತ.”