ಮೈಕಿನ ಮುಂದೆ ಇಟ್ಟ ಮೊಟ್ಟೆ

ಊರೆಲ್ಲ ಮಲಗಿತ್ತು. ನನ್ನ ದೊಡ್ಡಪ್ಪನ ಮಗ ಸೊಂಬತ್ ರೀಲಿನ ಡಬ್ಬ ಹೆಗಲಿಗೇರಿಸಿಕೊಂಡು ಬೌದ್ಧ ವಿಹಾರದ ಹಳೇ ಬಾವಿಯತ್ತ ಬರುತ್ತಿದ್ದ. ಒಬ್ಬನೇ. ನಮ್ಮ ಮನೆತನದ ಗಂಡಸರಿಗೆ ಕತ್ತಲಲ್ಲಿ ಜೊತೆ ಬೇಕಿಲ್ಲ. ಮೂನ್ ನದಿಯ ಎರಡೂ ದಡದಲ್ಲಿ ಯಾರನ್ನು ಬೇಕಾದರೂ ಕೇಳಿ.

ಆದರೆ ಆವತ್ತು ಅವನ ಮುಖ ಸಪ್ಪಗಿತ್ತು.

ಮಹಾಯುದ್ಧ ಮುಗಿದ ಹೊಸದರಲ್ಲಿ ನಮ್ಮ ಕಡೆ ಬರುತ್ತಿದ್ದ ಸಿನಿಮಾಗಳಿಗೆ ಮಾತೇ ಇರಲಿಲ್ಲ. ಪರದೆಯ ಪಕ್ಕ ಒಬ್ಬ ಮೈಕ್ ಹಿಡಿದು ಕೂತು ನಾಯಕ, ನಾಯಕಿ, ಕೇಡಿ, ಕುದುರೆ ಎಲ್ಲಕ್ಕೂ ತಾನೇ ದನಿ ಕೊಡಬೇಕು. ನಮ್ಮೂರ ಉದೊಮ್‌ನನ್ನು ಮೀರಿಸಿದವರು ಹುಟ್ಟಿಲ್ಲ. ಅವನು ಸತ್ತ. ಚಿತ್ರಗಳು ಉಳಿದವು, ದನಿ ಎಲ್ಲೂ ಉಳಿಯಲಿಲ್ಲ. ಅವನ ಹೆಂಡತಿ ಸಾಯ್‌ಬುವಾ ಅಜ್ಜಿಗೆ ಕಣ್ಣೂ ಹೋಗಿತ್ತು. ಸಾಯೋದರೊಳಗೆ ಆ ದನಿ ಇನ್ನೊಮ್ಮೆ ಕೇಳಬೇಕು... ಅಷ್ಟೇ ಆಸೆ.

ಸೊಂಬತ್ ಒಂದು ಹಳೇ ರೀಲು ಹುಡುಕಿ ತಂದು, "ಥೇಟ್ ತಾತನ ಹಾಗೇ ಮಾತಾಡ್ತೀನಿ, ನೋಡ್ತಿರು ಅಜ್ಜಿ" ಅಂದಿದ್ದ. ಅಜ್ಜಿ ಮೈಕಿನ ಮುಂದೆ ಒಂದು ಹಸಿ ಬಾತುಮೊಟ್ಟೆ ಇಟ್ಟಳು. ಗಂಟಲು ನಯವಾಗಲಿ ಅಂತ ಉದೊಮ್ ಆಟಕ್ಕೆ ಮುಂಚೆ ಅದನ್ನು ಕುಡಿಯುತ್ತಿದ್ದ.

"ಅವರು ಬಂದ್ರೆ ಬೇಕಾಗುತ್ತೆ. ನೀನು ಮುಟ್ಟಬೇಡ."

ಆವತ್ತಿನ ಆಟದಲ್ಲಿ ಸೊಂಬತ್ ಹೆಣ್ಣುದನಿ ತೆಗೆದದ್ದೇ ತಡ, ಜನ ಬಿದ್ದು ಬಿದ್ದು ನಕ್ಕರು. "ಲೋ ಸೊಂಬತ್ತಾ, ನಾಯಕಿಗೆ ಮೀಸೆ ಬಂದ್ಬಿಡ್ತಲ್ಲೋ!"

ಅಜ್ಜಿ ನಗಲಿಲ್ಲ. "ಹೋಗ್ಲಿ ಬಿಡು ಮಗಾ" ಅಂದು ಎದ್ದು ಹೋದಳು. ಸೊಂಬತ್ ಸಿಟ್ಟಿನಲ್ಲಿ ಮೊಟ್ಟೆಯನ್ನು ಜೇಬಿಗಿಳಿಸಿದ. ಬೆಳಿಗ್ಗೆ ಹುರಿದು ತಿಂದರಾಯಿತು ಅಂತ.

ಹಾಗೇ ಮನೆಗೆ ಬರುತ್ತಾ ಬಾವಿ ದಾಟಿದ. ಹಿಂದೆ... ಟಕ್ ಟಕ್. ಟಕ್ ಟಕ್.

ತೆಂಗಿನ ಚಿಪ್ಪಿಗೆ ಚಿಪ್ಪು ಬಡಿದ ಸದ್ದು. ಉದೊಮ್ ಮೈಕಿನ ಮುಂದೆ ಓಡಿಸುತ್ತಿದ್ದ ಕುದುರೆ! ಆಮೇಲೆ ಒಂದು ಗಂಡುದನಿ. ಅದೇ ಉಸಿರಿನಲ್ಲಿ ಹೆಣ್ಣುದನಿ: "ಹೋಗ್ತೀಯಾ?... ಹಾಗಾದ್ರೆ ದೀಪ ಆರಿಸಿ ಹೋಗು."

ಸೊಂಬತ್ ಡಬ್ಬ ಬಿಸಾಕಿ ಓಡಿದ. ಹೆದರಿ ಅಲ್ಲ ಸ್ವಾಮಿ, ಅಜ್ಜಿಯನ್ನು ಕರೆತರಲು.

ಅಜ್ಜಿ ಬಾವಿಕಟ್ಟೆ ಹಿಡಿದು ನಿಂತಳು. ಏದುಸಿರು.

"ಮಾತಾಡ್ತಿದಾರಾ?"

"ಹೂಂ ಅಜ್ಜಿ. ಇಲ್ಲೇ, ಕಿವಿ ಹತ್ರ."

"ನಂಗೆ ಬರೀ ಕಪ್ಪೆ ಕೇಳಿಸ್ತಿದೆ... ಏನಂತಿದಾರೆ?"

ಕೇಳಿದ್ದನ್ನು ಸೊಂಬತ್ ಪಿಸುಗುಟ್ಟಿದ. ಅಜ್ಜಿ ಕೈ ಅಡ್ಡ ಹಿಡಿದಳು. "ಬೇಡ. ನಿನ್ನ ಬಾಯಲ್ಲಿ ಬೇಡ."

ಆಮೇಲೆ ಕೇಳಿದಳು. "ಮೊಟ್ಟೆ ಎಲ್ಲೋ?"

ಅವನ ಕೈ ಜೇಬಿನ ಮೇಲೆ ಹೋಯಿತು. "ಜೇಬಲ್ಲಿದೆ ಅಜ್ಜಿ."

"ಮುಟ್ಟಬೇಡ ಅಂದಿದ್ದೆ ಕಣೋ..."

ದನಿ ನಿಂತುಬಿಟ್ಟಿತು.

ಆಮೇಲೆ ಅಜ್ಜಿ ದಿನಾ ಸಂಜೆ ಬಾವಿಕಟ್ಟೆಯ ಮೇಲೆ ಹೊಸ ಮೊಟ್ಟೆ ಇಟ್ಟು ಕೂತಳು. ಹಾವು ತಿಂದವು, ಉಡ ತಿಂದವು. ಮಳೆಗಾಲ ಮುಗಿಯುವಷ್ಟರಲ್ಲಿ ಅಜ್ಜಿಯೂ ಹೋದಳು, ಏನೂ ಕೇಳದೆ.

ನಂಬದಿದ್ದರೆ ಬಿಡಿ, ಆದರೆ ನಡೆದದ್ದು ನಡೆದದ್ದೇ. ಸೊಂಬತ್‌ನ ಜೇಬಿನಲ್ಲಿದ್ದ ಆ ಮೊಟ್ಟೆ ಇವತ್ತಿಗೂ ನಮ್ಮ ಮನೆಯಲ್ಲಿದೆ. ನಾನೇ ದೀಪಕ್ಕೆ ಹಿಡಿದು ನೋಡಿದ್ದೇನೆ. ಬಿರುಕಿಲ್ಲ, ಸೂಜಿಮೊನೆಯಷ್ಟು ತೂತಿಲ್ಲ.

ಒಳಗೆ ಏನೂ ಇಲ್ಲ.